ಅಮೆರಿಕದಲ್ಲಿ ರಾಸಾಯನಿಕ ಸೋರಿದಾಗ: ಯಾವ ತರಬೇತಿ ಇದ್ದವರು ಎಷ್ಟು ಹತ್ತಿರ ಹೋಗಬಹುದು

ಅಮೆರಿಕದ ಕಾರ್ಖಾನೆ, ಲ್ಯಾಬ್ ಅಥವಾ ವೇರ್‌ಹೌಸಿನಲ್ಲಿ ಡ್ರಮ್ ಸೋರಿದರೆ ನೀವು ಅದರ ಬಳಿ ಹೋಗಬಹುದೇ ಎಂಬುದು ನಿಮ್ಮ ತರಬೇತಿಯ ಹಂತದ ಮೇಲೆ ನಿಂತಿದೆ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಓಷಾದ 'ಹ್ಯಾಜ್‌ವೋಪರ್' ನಿಯಮ, ಅಂದರೆ 1910.120, ಇದನ್ನು ಐದು ಹಂತ ಮಾಡಿದೆ. ಅವೇರ್‌ನೆಸ್ ಹಂತದವರು ಸೋರಿಕೆಯನ್ನು ಗುರುತಿಸಿ, ಸುದ್ದಿ ಮುಟ್ಟಿಸಿ, ದೂರ ನಿಲ್ಲಬೇಕು. ಕನಿಷ್ಠ 8 ಗಂಟೆಯ ಆಪರೇಷನ್ಸ್ ತರಬೇತಿ ಪಡೆದವರು ದೂರದಿಂದಲೇ ಒಡ್ಡು ಕಟ್ಟಿ, ಹರಿವು ಚರಂಡಿ ಸೇರದಂತೆ ತಡೆಯಬಹುದು. ಹತ್ತಿರ ಹೋಗಿ ತೂತು ಮುಚ್ಚುವ ಕೆಲಸ ಕನಿಷ್ಠ 24 ಗಂಟೆ ಕಲಿತ ಟೆಕ್ನಿಷಿಯನ್‌ನದು. ಅದರ ಮೇಲೆ ರಾಸಾಯನಿಕಗಳ ಬಗ್ಗೆ ಇನ್ನೂ ಆಳವಾಗಿ ತಿಳಿದ ಸ್ಪೆಷಲಿಸ್ಟ್ ಮತ್ತು ಇಡೀ ಕಾರ್ಯಾಚರಣೆ ನಡೆಸುವ ಇನ್ಸಿಡೆಂಟ್ ಕಮಾಂಡರ್. ಪ್ರತಿ ವರ್ಷ ಮರುತರಬೇತಿ ಆಗಬೇಕು.

ಬಹಳ ಜನ ಎಡವುವುದು '40 ಗಂಟೆ ಕೋರ್ಸ್' ವಿಷಯದಲ್ಲಿ. ಅದು ವಿಷತ್ಯಾಜ್ಯದ ಜಾಗ ಶುಚಿ ಮಾಡುವವರಿಗೆ. ಗಂಟೆ ಹೆಚ್ಚೆಂದು ಅದರಿಂದ ತುರ್ತು ಟೆಕ್ನಿಷಿಯನ್ ಆಗುವುದಿಲ್ಲ. ಬರೀ ಆನ್‌ಲೈನ್ ಕೋರ್ಸೂ ಸಾಲದು: ಉಸಿರಾಟದ ಉಪಕರಣ, ರಕ್ಷಣಾ ಉಡುಪು ತೊಟ್ಟು ಕೈಯಾರೆ ಅಭ್ಯಾಸ ಆಗಿರಬೇಕು. ನೀವು ಸಮರ್ಥರೆಂದು ದೃಢೀಕರಿಸುವ ಹೊಣೆ ಕೆಲಸ ಕೊಟ್ಟವರದು, ಓಷಾದ್ದಲ್ಲ.

ಉಚಿತವಾಗಿ ಶುರು ಮಾಡಲು ಫೆಡರಲ್ ತುರ್ತು ನಿರ್ವಹಣಾ ಸಂಸ್ಥೆ ಫೀಮಾದ ಐಎಸ್-5 ಎಂಬ, ಅಪಾಯಕಾರಿ ವಸ್ತುಗಳ ಪರಿಚಯದ ಆನ್‌ಲೈನ್ ಪಾಠ ಒಳ್ಳೆಯದು. ಮೊದಲು ಫೀಮಾ ವಿದ್ಯಾರ್ಥಿ ಸಂಖ್ಯೆ ಪಡೆಯಿರಿ. ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕರಾಗಿದ್ದರೆ ಅಲಬಾಮಾದ ಆ್ಯನಿಸ್ಟನ್‌ನಲ್ಲಿರುವ ಫೀಮಾ ಕೇಂದ್ರದ ತರಬೇತಿಯ ಬಗ್ಗೆ ದಳದ ಮುಖ್ಯಸ್ಥರನ್ನು ಕೇಳಿ. ರಾಜ್ಯ ಮತ್ತು ಸ್ಥಳೀಯ ಸಿಬ್ಬಂದಿಯ ಖರ್ಚನ್ನು ಫೆಡರಲ್ ಸರ್ಕಾರ ಭರಿಸುತ್ತದೆ. ವೀಸಾದಲ್ಲಿರುವವರು ಅರ್ಹತೆ ವಿಚಾರಿಸಿಕೊಂಡೇ ಅರ್ಜಿ ಹಾಕಿ.

ಕೈಯಲ್ಲಿ ಇರಲೇಬೇಕಾದ ಪುಸ್ತಕ ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್, 2024ರ ಆವೃತ್ತಿ. ಇದರ ಆ್ಯಪ್ ಉಚಿತ. ಟ್ಯಾಂಕರ್ ಮೇಲಿನ ನಾಲ್ಕಂಕಿ ಕಂಡರೆ ಹಳದಿ ಪುಟ, ಹೆಸರು ಗೊತ್ತಿದ್ದರೆ ನೀಲಿ ಪುಟ. ಅಲ್ಲಿ ಸಿಕ್ಕ ಗೈಡ್ ಸಂಖ್ಯೆಯ ಕಿತ್ತಳೆ ಪುಟದಲ್ಲಿ ಏನು ಮಾಡಬೇಕೆಂದಿದೆ. 1017 ಅಂದರೆ ಕ್ಲೋರಿನ್, ಗೈಡ್ 124. ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದು, ಬೆಂಕಿ ಇಲ್ಲದಿದ್ದರೆ, ನೇರ ಹಸಿರು ಪುಟದ ದೂರದ ಪಟ್ಟಿಗೆ ಹೋಗಿ. ಅಲ್ಲಿ 208 ಲೀಟರ್‌ವರೆಗಿನದು ಸಣ್ಣ ಸೋರಿಕೆ. ರಾತ್ರಿಯ ದೂರ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಯಾಕೆಂದರೆ ಆಗ ಗಾಳಿ ಕದಡದೆ ವಿಷದ ಮೋಡ ಚದುರುವುದು ನಿಧಾನ. ಯಾವ ವಸ್ತುವೆಂದೇ ತಿಳಿಯದಿದ್ದರೆ ಗೈಡ್ 111: ಸುತ್ತ ಕನಿಷ್ಠ 100 ಮೀಟರ್ ಖಾಲಿ ಮಾಡಿಸಿ.

ಲಾರಿಗೆ ಅಪಾಯ ಸೂಚಿಸುವ ಫಲಕ ಇಲ್ಲವೆಂದು ನಿರಾಳರಾಗಬೇಡಿ. ಕೆಲವು ವರ್ಗದ ಡ್ರಮ್ ಸರಕು 454 ಕಿಲೋಗಿಂತ ಕಡಿಮೆಯಿದ್ದರೆ ಫಲಕ ಕಡ್ಡಾಯವಲ್ಲ. ಇನ್ನೊಂದು ಅಪಾಯದ ಗೊಂದಲ: ಕಟ್ಟಡದ ಮೇಲಿನ ನಾಲ್ಕು ಬಣ್ಣದ ವಜ್ರಾಕೃತಿಯಲ್ಲಿ 4 ಅತಿ ಘೋರ, 0 ಸೌಮ್ಯ, ಸುರಕ್ಷತಾ ಮಾಹಿತಿ ಹಾಳೆಯ ವರ್ಗಗಳಲ್ಲಿ 1 ಅತಿ ಘೋರ. ಎರಡೂ ತದ್ವಿರುದ್ಧ.

ಹಳೆಯ ಪಾಠಗಳಲ್ಲಿ ಹೇಳುವ, ರಾಸಾಯನಿಕಗಳ ಮಾಹಿತಿ ಕೊಡುತ್ತಿದ್ದ ವೈಸರ್ ಆ್ಯಪ್ 2023ರಲ್ಲಿ ನಿಂತಿದೆ. ಅದರ ಬದಲು ಕ್ಯಾಮಿಯೊ ಕೆಮಿಕಲ್ಸ್ ಎಂಬ ರಾಸಾಯನಿಕ ಮಾಹಿತಿಕೋಶ ಬಳಸಿ; ಎರಡು ರಾಸಾಯನಿಕ ಬೆರೆತರೆ ಏನಾದೀತು ಎಂಬುದನ್ನೂ ಅದು ಸೂಚಿಸುತ್ತದೆ.

ಸೋರಿಕೆ ಕಂಡರೆ ಮೊದಲು 911. ಸಾಗಣೆಯ ಸರಕಿನ ಬಗ್ಗೆ ತಜ್ಞರ ಸಲಹೆಗೆ ಕೆಮ್‌ಟ್ರೆಕ್, 1-800-424-9300, ಹಗಲಿರುಳೂ ಇದೆ. ಸೋರಿಕೆಗೆ ಹೊಣೆಯಾದ ಸಂಸ್ಥೆ ಕಾನೂನಿನ ಪ್ರಕಾರ ವರದಿ ಕೊಡಬೇಕಾದಾಗ ಕರೆ ಮಾಡಬೇಕಾದ್ದು ನ್ಯಾಷನಲ್ ರೆಸ್ಪಾನ್ಸ್ ಸೆಂಟರ್‌ಗೆ, 1-800-424-8802.

ಮನೆಯ ಬಳಿಯ ಕಾರ್ಖಾನೆಯಲ್ಲಿ ಏನಿದೆ ಎಂದು ಕೇಳುವ ಹಕ್ಕೂ ನಿಮಗಿದೆ. 1984ರ ಭೋಪಾಲ್ ದುರಂತದ ಬಳಿಕ, 1986ರಲ್ಲಿ, ಅಮೆರಿಕ ಇದಕ್ಕೆ ಕಾನೂನು ಮಾಡಿತು. ಅಪಾಯಕಾರಿ ರಾಸಾಯನಿಕಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ದಾಸ್ತಾನು ಇಟ್ಟ ಸಂಸ್ಥೆಗಳು ಪ್ರತಿ ಮಾರ್ಚ್ 1ರೊಳಗೆ 'ಟಿಯರ್ ಟೂ' ಎಂಬ ದಾಸ್ತಾನು ವರದಿ ಸಲ್ಲಿಸಬೇಕು. ಅದನ್ನು ನೋಡಲು ನಿಮ್ಮ ಪ್ರದೇಶದ ಸ್ಥಳೀಯ ತುರ್ತು ಯೋಜನಾ ಸಮಿತಿಗೆ ಕಾರ್ಖಾನೆಯ ಹೆಸರು, ವಿಳಾಸ ಸೇರಿಸಿ ಲಿಖಿತವಾಗಿ ಕೇಳಿ.