ನಿವೃತ್ತ ಓಟದ ನಾಯಿಯೊಂದಿಗೆ ಕಿಂಡರ್ ಸ್ಕೌಟ್ ಹತ್ತಿದ್ದು: ನನ್ನ ಅನುಭವ

ಪಂದ್ಯಗಳಿಂದ ನಿವೃತ್ತವಾದ ಗ್ರೇಹೌಂಡ್ ನಾಯಿಯನ್ನು ಇಂಗ್ಲೆಂಡಿನ ಬೆಟ್ಟವಾದ ಕಿಂಡರ್ ಸ್ಕೌಟ್‌ನ ಮೇಲಕ್ಕೆ ಕರೆದೊಯ್ದು, ಕುರಿಯನ್ನು ಬೆದರಿಸದೆ, ಮೊಲದ ಬೆನ್ನು ಹತ್ತಗೊಡದೆ, ಕತ್ತಲಾಗುವ ಮೊದಲು ಬುಡದ ಈಡೇಲ್ ರೈಲು ನಿಲ್ದಾಣಕ್ಕೆ ಇಳಿಸಬಹುದು ಎಂದು ನಾನು ಹೇಳಿದಾಗ ಮ್ಯಾಂಚೆಸ್ಟರಿನ ನಮ್ಮ ಚಾರಣದ ಗುಂಪಿನಲ್ಲಿ ಯಾರೂ ನಂಬಲಿಲ್ಲ. ಮೂವತ್ತು ಸೆಕೆಂಡು ಓಡಿ ದಿನವೆಲ್ಲ ಸೋಫಾದ ಮೇಲೆ ಮಲಗುವ ಜಾತಿ ಅದು, ಹದಿನೈದು ಕಿಲೋಮೀಟರ್ ಬೆಟ್ಟ ನಡೆಯುವುದೆಂದರೇನು ಎಂಬುದು ಒಬ್ಬರ ವಾದವಾದರೆ, "ಪಂದ್ಯದ ಕುದುರೆಯನ್ನು ನೇಗಿಲಿಗೆ ಕಟ್ಟಿದ ಹಾಗಾಯಿತಲ್ಲ ನಿಮ್ಮ ಕೆಲಸ" ಎಂದು ಗುಂಪಿನ ಹಿರಿಯರೊಬ್ಬರು ನಕ್ಕರು. ಈಗ ನಮ್ಮ ಗ್ರೇಹೌಂಡ್ ಕರಿಯ ವರ್ಷದ ಎಲ್ಲ ಕಾಲಗಳಲ್ಲೂ ಆ ಬೆಟ್ಟ ಹತ್ತಿ ಇಳಿಯುತ್ತಿದ್ದಾನೆ. ಅದೇ ಹಿರಿಯರು ಕಳೆದ ಚಳಿಗಾಲದಲ್ಲಿ ನಮಗಿಂತ ಹಿಂದುಳಿದು ಏದುಸಿರು ಬಿಟ್ಟರೆಂಬುದನ್ನು ದಾಖಲಿಸದೆ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ.

ಕಿಂಡರ್ ಸ್ಕೌಟ್ ಇಂಗ್ಲೆಂಡಿನ ಬೆಟ್ಟಸೀಮೆಯಾದ ಪೀಕ್ ಡಿಸ್ಟ್ರಿಕ್ಟ್‌ನ ಅತಿ ಎತ್ತರದ ಜಾಗ, 636 ಮೀಟರ್. 2009ರಿಂದ ರಾಷ್ಟ್ರೀಯ ನಿಸರ್ಗಧಾಮವೂ ಹೌದು. ಹಾದಿ ಬಿಟ್ಟು ತೆರೆದ ಬಯಲಿಗೆ ಕಾಲಿಡುವವರು ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಬೇಕೆಂಬ ಕಾನೂನು ನಾಯಿ ಸಾಕಿದವರಿಗೆಲ್ಲ ಗೊತ್ತಿರುವುದೇ. ಗೋಲ್ಡನ್ ಪ್ಲವರ್, ಕರ್ಲ್ಯೂ ಮುಂತಾದ ಹಕ್ಕಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ, ನಾಯಿಗೆ ಹೆದರಿ ತಾಯಿ ಎದ್ದು ಹೋದರೆ ಆ ಚಳಿಗಾಳಿಗೆ ಮೊಟ್ಟೆ ತಣ್ಣಗಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗ್ರೇಹೌಂಡಿನ ವಿಷಯದಲ್ಲಿ ನಾನು ಆ ಐದು ತಿಂಗಳ ನಿಯಮವನ್ನು ಹನ್ನೆರಡು ತಿಂಗಳಿಗೂ ಹಿಗ್ಗಿಸಿಕೊಂಡಿದ್ದೇನೆ. ಬೆಟ್ಟದ ಮೇಲೆ ಈ ಜಾತಿಯ ಹಗ್ಗ ಬಿಚ್ಚುವ ಪ್ರಶ್ನೆಯೇ ಇಲ್ಲ.

ಆದ್ದರಿಂದ ನನ್ನ ಹಣ ಮೊದಲು ಸುರಿದದ್ದು ಹಗ್ಗಗಳ ಮೇಲೆ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಹಗ್ಗದ ಡಬ್ಬಿಗೆ ಇಪ್ಪತ್ತೈದು ಪೌಂಡ್ ಕೊಟ್ಟೆ. ಪೀಟ್ ಎಂಬ, ಕೊಳೆತ ಸಸ್ಯಗಳ ಕಪ್ಪು ಜೌಗು ಮಣ್ಣಿನ ಕೆಸರು ಒಳಗೆ ಸೇರಿ ಎರಡನೆಯ ವಾರಕ್ಕೇ ಅದು ಕಚ್ಚಿಕೊಂಡಿತು. ಹತ್ತು ಮೀಟರಿನ ಉದ್ದ ಹಗ್ಗ ಹೆದರ್ ಪೊದೆಗಳಿಗೆ ಸಿಕ್ಕಿಕೊಂಡು, ನಡೆದದ್ದಕ್ಕಿಂತ ಬಿಡಿಸುತ್ತ ನಿಂತದ್ದೇ ಹೆಚ್ಚಾಯಿತು; ಅಷ್ಟುದ್ದದಲ್ಲಿ ಗ್ರೇಹೌಂಡ್ ಒಮ್ಮೆ ವೇಗ ಪಡೆದರೆ ಹಗ್ಗ ಮುಗಿಯುವ ಕಡೆ ಅದರ ಕುತ್ತಿಗೆಗೂ ನಮ್ಮ ಭುಜಕ್ಕೂ ಆಗುವ ಪೆಟ್ಟು ಸಣ್ಣದಲ್ಲ. ಕೊನೆಗೆ ನಿಂತದ್ದು ಸೊಂಟದ ಬೆಲ್ಟು, ಅದಕ್ಕೆ ಒಂದೂವರೆ ಮೀಟರಿನ ಹಿಗ್ಗುವ ಹಗ್ಗ, ಹಗ್ಗದ ತುದಿ ಇಬ್ಭಾಗವಾಗಿ ಒಂದು, ಎಳೆದರೆ ತುಸು ಬಿಗಿಯುವ ಮಾರ್ಟಿಂಗೇಲ್ ಕಾಲರಿಗೆ, ಇನ್ನೊಂದು ಎದೆಪಟ್ಟಿಗೆ. ಗ್ರೇಹೌಂಡಿನ ಕುತ್ತಿಗೆ ತಲೆಗಿಂತ ದಪ್ಪವಿರುವುದರಿಂದ ಸಾಮಾನ್ಯ ಕಾಲರಿನಿಂದ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುವುದು ಅದಕ್ಕೆ ಕ್ಷಣದ ಕೆಲಸ. ಎರಡು ಕಡೆ ಕಟ್ಟಿದರೆ ಒಂದು ಕಳಚಿದರೂ ಇನ್ನೊಂದು ಉಳಿಯುತ್ತದೆ. ಬೆಲ್ಟಿನಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ ಇರಲೇಬೇಕು. ಕಣಿವೆಯ ಹೊಲಗಳಲ್ಲಿ ಕರುವಿರುವ ಹಸುಗಳು ನಾಯಿಯನ್ನು ಕಂಡು ಮೇಲೆ ಬಂದರೆ ನಾಯಿಯನ್ನು ಬಿಟ್ಟುಬಿಡಬೇಕು. ಅವುಗಳ ಸಿಟ್ಟು ನಾಯಿಯ ಮೇಲೆ, ನಾಯಿ ಓಡಿ ಪಾರಾಗುತ್ತದೆ, ಸೊಂಟಕ್ಕೆ ಕಟ್ಟಿಕೊಂಡು ನಿಂತ ಮನುಷ್ಯ ಪಾರಾಗುವುದಿಲ್ಲ.

ನಿಜವಾದ ಪರೀಕ್ಷೆ ಕುರಿಯದ್ದಲ್ಲ, ಬೆಟ್ಟದ ಮೊಲದ್ದು. ಇಂಗ್ಲೆಂಡಿನಲ್ಲಿ ಮೌಂಟನ್ ಹೇರ್ ಉಳಿದಿರುವುದು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಗೆಂದು ಸ್ಕಾಟ್ಲೆಂಡಿನಿಂದ ತಂದು ಬಿಟ್ಟವುಗಳ ಸಂತತಿ ಅದು. ಚಳಿಗಾಲಕ್ಕೆ ಮೈ ಬೆಳ್ಳಗಾಗುತ್ತದೆ, ಆದರೆ ಹಿಮ ಈಗ ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಹಾಗಾಗಿ ಕಪ್ಪು ಪೀಟ್ ಮೇಲೆ ಬಿಳಿ ಮೊಲ ಅರ್ಧ ಕಿಲೋಮೀಟರ್ ದೂರದಿಂದಲೂ ಎದ್ದು ಕಾಣುತ್ತದೆ. ಪಂದ್ಯದಲ್ಲಿ ಯಂತ್ರದ ಮೊಲವನ್ನು ಅಟ್ಟುವುದನ್ನೇ ಕಲಿತ ನಾಯಿಗೆ ಇದಕ್ಕಿಂತ ದೊಡ್ಡ ಪ್ರಲೋಭನೆ ಇನ್ನೊಂದಿಲ್ಲ, ಮತ್ತು ನಾಯಿ ಬಿಟ್ಟು ಮೊಲ ಹಿಡಿಸುವುದು 2004ರ ಬೇಟೆ ಕಾನೂನಿನ ಪ್ರಕಾರ ಅಪರಾಧ.

ನಾನು ಮುಧೋಳದ ಕಡೆಯವನು, ಮೊಲ ಕಂಡ ನಾಯಿಯ ಮೈ ಹೇಗೆ ಬದಲಾಗುತ್ತದೆ ಎಂಬುದನ್ನು ಬಾಲ್ಯದಿಂದ ನೋಡಿದವನು. ಎಲ್ಲರೂ ನಾಯಿ ಎಳೆಯತೊಡಗಿದ ಮೇಲೆ ತಡೆಯಲು ಹೋಗುತ್ತಾರೆ. ಅಷ್ಟು ಹೊತ್ತಿಗೆ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಎಳೆತಕ್ಕೆ ಮೊದಲು ಕಿವಿ ನಿಮಿರುತ್ತದೆ, ಕಿವಿಗಿಂತ ಮೊದಲು ನಡಿಗೆಯ ಲಯದಲ್ಲಿ ಒಂದು ಹೆಜ್ಜೆ ತಡವಾಗುತ್ತದೆ. ಆ ಹೆಜ್ಜೆಯಲ್ಲಿ ನಾನು ನಿಲ್ಲುತ್ತೇನೆ, ಒಂದು ಶಬ್ದ ಮಾಡುತ್ತೇನೆ, ಅವನು ನನ್ನ ಕಡೆ ತಿರುಗಿದರೆ ತಿನ್ನಲು ಸಿಗುತ್ತದೆ. ಮೊದಲು ಉದ್ಯಾನದ ಅಳಿಲುಗಳ ಮುಂದೆ, ಆಮೇಲೆ ಬೇಲಿಯಾಚೆಯ ಕುರಿಗಳ ಮುಂದೆ, ಕೊನೆಗೆ ಮರಗಳಿಲ್ಲದ ಎತ್ತರದ ಬಯಲಾದ ಮೂರ್‌ಲ್ಯಾಂಡಿನ ಅಂಚಿನಲ್ಲಿ ಇದನ್ನೇ ಅಭ್ಯಾಸ ಮಾಡಿಸಿದೆ. ಸುಮಾರು ಎಂಟು ತಿಂಗಳು ಹಿಡಿಯಿತು. ಆ ಶಬ್ದ ಯಾವುದೆಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮೂರಿನ ಕುರುಬರೊಬ್ಬರಿಂದ ಬಂದದ್ದು, ಎದುರು ಸಿಕ್ಕಿದವರಿಗೆ ಮಾತ್ರ ಹೇಳಿಕೊಡುತ್ತೇನೆ. ಕಾಲ ಬುಡದಿಂದಲೇ ರೆಡ್ ಗ್ರೌಸ್ ಹಕ್ಕಿ ಕೂಗುತ್ತ ಎದ್ದಾಗ ಮಾತ್ರ ಯಾವ ಶಬ್ದವೂ ನಡೆಯುವುದಿಲ್ಲ, ಅಲ್ಲಿ ಬೆಲ್ಟೇ ಗತಿ.

ದಮ್ಮಿನ ಬಗ್ಗೆ ಜನ ಹೆದರಿಸಿದಷ್ಟು ಕಷ್ಟವಾಗಲಿಲ್ಲ. ವಾರಕ್ಕೊಂದು ಕಿಲೋಮೀಟರಿನಂತೆ ಏರಿಸುತ್ತ ಹೋದೆ, ಅಷ್ಟೆ. ತೊಂದರೆ ಕೊಟ್ಟದ್ದು ಅಂಗಾಲು ಮತ್ತು ಚರ್ಮ. ಅಲ್ಲಿಯ ಗ್ರಿಟ್‌ಸ್ಟೋನ್ ಒರಟು ಮರಳುಗಲ್ಲು, ಹುಲ್ಲು ಮತ್ತು ಕಾರ್ಪೆಟ್ ತುಳಿದ ಪಾದವನ್ನು ಉಜ್ಜಿಹಾಕುತ್ತದೆ. ಐವತ್ತು ಪೌಂಡ್ ಕೊಟ್ಟು ತಂದ ನಾಯಿ ಬೂಟುಗಳಲ್ಲಿ ಎರಡನ್ನು ಮೊದಲ ದಿನವೇ ಕೆಸರು ನುಂಗಿತು. ಮನೆಯ ಹತ್ತಿರದ ಜಲ್ಲಿ ದಾರಿಯಲ್ಲಿ ದಿನವೂ ಅರ್ಧ ಗಂಟೆ ನಡೆಸಿದ್ದೇ ಬೂಟಿಗಿಂತ ಹೆಚ್ಚು ಕೆಲಸ ಮಾಡಿತು. ಮುಳ್ಳುತಂತಿ ತಗುಲಿದರೆ ಈ ಜಾತಿಯ ಚರ್ಮ ಕಾಗದದಂತೆ ಸೀಳುತ್ತದೆ, ಆದ್ದರಿಂದ ಬೇಲಿ ದಾಟಲು ಇಟ್ಟ ಏಣಿಯಂಥ ಮೆಟ್ಟಿಲುಗಳಲ್ಲಿ ಅವನನ್ನು ಎತ್ತಿಯೇ ದಾಟಿಸುತ್ತೇನೆ. ಮೂವತ್ತು ಕಿಲೋ ಎತ್ತಲಾರದವರು ಗೇಟುಗಳಿರುವ ದಾರಿಯನ್ನೇ ಹುಡುಕಬೇಕು.

ಅಪ್ಪರ್ ಬೂತ್, ಜೇಕಬ್ಸ್ ಲ್ಯಾಡರ್, ಈಡೇಲ್ ರಾಕ್ಸ್, ಕಿಂಡರ್ ಲೋ, ಡೌನ್‌ಫಾಲ್ ಜಲಪಾತ, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ: ಇದು ನಮ್ಮ ಕಾಯಂ ದಾರಿ. ಗ್ರೈಂಡ್ಸ್‌ಬ್ರೂಕ್ ಕೊರಕಲಿನಲ್ಲಿ ಇಳಿಸಬೇಡಿ, ಆ ಬಂಡೆಗಳ ಸಂದಿ ಉದ್ದ ಕಾಲಿನ ನಾಯಿಗೆ ಹೇಳಿ ಮಾಡಿಸಿದ ಬಲೆ. ಪ್ರಸ್ಥಭೂಮಿಯಲ್ಲಿ ಪೀಟ್ ಉಳಿಸಲು ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸಿ ಸ್ಫ್ಯಾಗ್ನಂ ಪಾಚಿ ಬೆಳೆಸಿದ್ದಾರೆ. ಹಸಿರು ನೆಲವೆಂದು ಕಾಲಿಟ್ಟ ನಾಯಿ ಎದೆಯವರೆಗೆ ಮುಳುಗುತ್ತದೆ, ಪಾಚಿಯೂ ಹಾಳಾಗುತ್ತದೆ.

ಕೊಬ್ಬಿಲ್ಲದ ಮೈಗೆ ಅಂಗಿ ಬೇಕು. ಊರಿನಿಂದ ತಂದ ಕಂಬಳಿಯನ್ನು ಕತ್ತರಿಸಿ ಹೊಲಿಸಿ ನೋಡಿದೆ. ಒಣಗಿದ್ದಾಗ ಬಹಳ ಬೆಚ್ಚಗಿತ್ತು, ಮಂಜು ಹೀರಿದ ಮೇಲೆ ತೂಕ ದುಪ್ಪಟ್ಟಾಗಿ ಕಂಕುಳನ್ನು ಕೆಂಪಗೆ ಉಜ್ಜಿತು. ಈಗ ಒಳಗೆ ತೆಳುವಾದ ಫ್ಲೀಸ್, ಮೇಲೆ ನೀರು ಹೀರದ ಹೊದಿಕೆ, ಎರಡೂ ಸೇರಿ ಎಪ್ಪತ್ತು ಪೌಂಡಿನ ಆಸುಪಾಸು. ಕಂಬಳಿ ಸೋತರೂ ಕಟಕ ರೊಟ್ಟಿ ಗೆದ್ದಿತು: ಉಪ್ಪು, ಖಾರ ಹಾಕದೆ ಒಣಗಿಸಿದ ಜೋಳದ ರೊಟ್ಟಿಯ ಚೂರುಗಳು ಹಗುರ, ಕೆಡುವುದಿಲ್ಲ, ಅಂಗಡಿಯ ನಾಯಿ ಬಿಸ್ಕತ್ತಿಗಿಂತ ಕರಿಯನಿಗೆ ಅದೇ ಇಷ್ಟ. ಹಾಗೆಂದು ನಮ್ಮ ಬುತ್ತಿಯದ್ದೆಲ್ಲವನ್ನೂ ಕೊಡಬಾರದು, ಈರುಳ್ಳಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ.

ಒಟ್ಟು ಖರ್ಚು ನಾನೂರು ಪೌಂಡ್ ಸಮೀಪ ಬಂದಿರಬೇಕು, ಅದರಲ್ಲಿ ಅರ್ಧದಷ್ಟು ಈಗ ಮಾಳಿಗೆಯ ಪೆಟ್ಟಿಗೆಯಲ್ಲಿದೆ. ರೈಲಿನಲ್ಲಿ ನಾಯಿಗೆ ಟಿಕೆಟ್ ಇಲ್ಲವೆಂಬುದೊಂದೇ ಉಳಿತಾಯ. ನಿಲ್ದಾಣದಲ್ಲಿ ಕಾಯುವಾಗ ಕಿವಿಯ ಹಿಂದೆ, ತೊಡೆ ಸಂದಿಯಲ್ಲಿ, ಬೆರಳುಗಳ ನಡುವೆ ಉಣ್ಣಿ ಹುಡುಕಿ ಕೀಳುವುದನ್ನು ಬಿಡಬೇಡಿ. ಲೈಮ್ ರೋಗ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಮುಂದಿನ ಬೆಟ್ಟ ಬ್ಲೀಕ್‌ಲೋ. ಅಲ್ಲಿ ಮೊಲಗಳು ಹೇರಳ, ಮಂಜು ಕವಿದರೆ ದಾರಿಯ ಗುರುತು ಸಿಗುವುದು ಕಷ್ಟ, ಆದ್ದರಿಂದ ಮೊದಲ ಸುತ್ತಿಗೆ ಆಗಸ್ಟ್ ತಿಂಗಳ ತಿಳಿಯಾದ ದಿನವೊಂದನ್ನು ನೋಡಿಕೊಳ್ಳುತ್ತೇನೆ.