ಹಣ್ಣು, ಮಸಾಲೆ, ಕಾಫಿ: ನಮ್ಮ ಪುಟ್ಟ ಬ್ರೂವರಿಯ ಫ್ಲೇವರ್ ಬಿಯರ್‌ಗಳು

ಫ್ಲೇವರ್ ಬಿಯರ್ ಅಂದರೆ ತಯಾರಾದ ಬಿಯರ್‌ಗೆ ಒಂದಿಷ್ಟು ಸಿರಪ್ ಸುರಿಯುವುದು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗೆ ಮಾಡಿದ್ದು ಕುಡಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಗುಟುಕಿಗೆ ಹಣ್ಣು ಘಮ್ಮೆನ್ನುತ್ತದೆ, ಅರ್ಧ ಗ್ಲಾಸ್ ಮುಗಿಯುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತದೆ. ನಮ್ಮದು ಒಂದು ಸಲಕ್ಕೆ 500 ಲೀಟರ್ ಮಾಡುವ ಬ್ರೂವರಿ. ಹಣ್ಣು, ಮಸಾಲೆ, ಕಾಫಿ ಸೇರಿಸಿದ ಬಿಯರ್‌ಗಳೇ ನಮ್ಮ ಮುಖ್ಯ ಕೆಲಸ. ಏನು ಹಾಕಬೇಕು ಅನ್ನುವುದನ್ನು ಯಾರು ಬೇಕಾದರೂ ಯೋಚಿಸಬಹುದು. ಎಂಥ ಬಿಯರ್‌ಗೆ ಹಾಕಬೇಕು, ಯಾವಾಗ ಹಾಕಬೇಕು, ಇವೆರಡರಲ್ಲೇ ಇಡೀ ಕೆಲಸ ಇರುವುದು.

ಮೊದಲು ಬಿಯರ್ ಬಗ್ಗೆ ಹೇಳುತ್ತೇನೆ. ಮಾವಿನ ಹಣ್ಣನ್ನೇ ತೆಗೆದುಕೊಳ್ಳಿ. ಅದು ನಮಗೆ ರುಚಿ ಅನ್ನಿಸುವುದಕ್ಕೆ ದೊಡ್ಡ ಕಾರಣ ಅದರ ಸಕ್ಕರೆ. ಯೀಸ್ಟ್ ಆ ಸಕ್ಕರೆಯನ್ನೆಲ್ಲ ತಿಂದುಬಿಡುತ್ತದೆ. ಉಳಿಯುವುದು ಹುಳಿ, ಸ್ವಲ್ಪ ಒಗರು, ಮತ್ತೆ ಪರಿಮಳ. ಈ ಹುಳಿಗೆ ಹಾಪ್ಸ್ ಎಂಬ ಹೂವಿನ ಕಹಿ ಜಾಸ್ತಿ ಸೇರಿದರೆ ಬಾಯಲ್ಲಿ ಎರಡೂ ಜಗಳಕ್ಕೆ ಬೀಳುತ್ತವೆ. ಅದಕ್ಕೇ ಹಣ್ಣಿನ ಬಿಯರ್‌ಗೆ ನಾನು ಕಹಿಯನ್ನು 12ರಿಂದ 15 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ) ಒಳಗೇ ಇಡುತ್ತೇನೆ. ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಲ್ಲಿ, ಮೂರನೇ ಒಂದು ಭಾಗ ಗೋಧಿ ಮಾಲ್ಟ್. ಅದರ ಪ್ರೋಟೀನ್‌ನಿಂದ ಬಿಯರ್‌ಗೆ ಮೈ ಬರುತ್ತದೆ, ನೊರೆಯೂ ನಿಲ್ಲುತ್ತದೆ.

ಮ್ಯಾಶ್‌ನ, ಅಂದರೆ ಮಾಲ್ಟ್ ಅನ್ನು ಬಿಸಿನೀರಿನಲ್ಲಿ ನೆನೆಸಿಡುವ ಹಂತದ, ಬಿಸಿಯೂ ಮುಖ್ಯ. 63-64 ಡಿಗ್ರಿಯಲ್ಲಿ ಇಟ್ಟರೆ ಪಿಷ್ಟ ಹೆಚ್ಚಾಗಿ ಯೀಸ್ಟ್ ತಿನ್ನುವಂಥ ಸಕ್ಕರೆಯಾಗುತ್ತದೆ, ಬಿಯರ್ ತೆಳ್ಳಗಾಗುತ್ತದೆ. ತೆಳ್ಳಗಿನ ಬಿಯರ್‌ಗೆ ಹುಳಿ ಹಣ್ಣು ಸೇರಿದರೆ ನೀರಿಗೆ ಹುಳಿ ಹಿಂಡಿದ ಹಾಗಾಗುತ್ತದೆ. 68 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಯೀಸ್ಟ್‌ಗೆ ಸಿಗದ ಉದ್ದ ಸಕ್ಕರೆಗಳು ಉಳಿಯುತ್ತವೆ. ಅವು ಅಷ್ಟೇನೂ ಸಿಹಿ ಅಲ್ಲ, ಆದರೆ ನಾಲಿಗೆಗೆ ದಪ್ಪ ಅನ್ನಿಸುತ್ತವೆ. ಹಣ್ಣು ಕೂರುವುದು ಅದರ ಮೇಲೆ.

ಇನ್ನು ಯಾವಾಗ ಹಾಕಬೇಕು ಅನ್ನುವ ಪ್ರಶ್ನೆ. ಕುದಿಯುವ ವರ್ಟ್‌ಗೆ, ಅಂದರೆ ಇನ್ನೂ ಯೀಸ್ಟ್ ಹಾಕದ ಮಾಲ್ಟ್ ರಸಕ್ಕೆ, ಹಣ್ಣು ಹಾಕಬೇಡಿ. ಪರಿಮಳ ಹಬೆಯ ಜೊತೆ ಹೊರಟುಹೋಗುತ್ತದೆ, ರುಚಿ ಜಾಮ್‌ನ ಕಡೆಗೆ ವಾಲುತ್ತದೆ, ಹಣ್ಣಿನಲ್ಲಿರುವ ಅಂಟಿನಂಥ ಪೆಕ್ಟಿನ್ ಬಿಡುಗಡೆಯಾಗಿ ಬಿಯರ್ ಮಬ್ಬಾಗುತ್ತದೆ. ಯೀಸ್ಟ್ ಹಾಕುವ ದಿನವೇ ಹಣ್ಣು ಸೇರಿಸಿದರೂ ಲಾಭ ಕಡಿಮೆ. ಮೊದಲ ದಿನಗಳಲ್ಲಿ ಟ್ಯಾಂಕ್‌ನಿಂದ ಕಾರ್ಬನ್ ಡೈಆಕ್ಸೈಡ್ ರಭಸವಾಗಿ ಹೊರಬರುತ್ತದೆ. ಆ ಗ್ಯಾಸ್ ಹಣ್ಣಿನ ನಾಜೂಕಾದ ವಾಸನೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಆ ಹೊತ್ತಿಗೆ ಟ್ಯಾಂಕ್ ಇರುವ ಕೋಣೆಯೆಲ್ಲ ಘಮಘಮ ಅನ್ನುತ್ತದೆ. ಆದರೆ ಅಲ್ಲಿ ಮೂಗಿಗೆ ಬಡಿದದ್ದು ಗ್ಲಾಸಿಗೆ ಬರುವುದಿಲ್ಲ, ಅಲ್ವಾ?

ನಾವು ಕಾಯುವುದು ಗ್ರಾವಿಟಿ ಇಳಿಯುವುದಕ್ಕೆ. ಗ್ರಾವಿಟಿ ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದ ಹಾಗೆ ಅದು ಇಳಿಯುತ್ತದೆ. 1.048ರಲ್ಲಿ ಶುರುವಾದ ಬಿಯರ್ 1.015ರ ಹತ್ತಿರ ಬಂದಾಗ ಪ್ಯೂರಿ (ಅರೆದ ಹಣ್ಣಿನ ತಿರುಳು) ಹಾಕುತ್ತೇವೆ. ಆಗ ಮೊದಲಿನ ಅಬ್ಬರ ಮುಗಿದಿರುತ್ತದೆ. ಆದರೆ ಯೀಸ್ಟ್ ಇನ್ನೂ ಚುರುಕಾಗಿರುತ್ತದೆ, ಹಣ್ಣಿನ ಸಕ್ಕರೆಯನ್ನು ಮುಗಿಸುತ್ತದೆ. ಪ್ಯೂರಿ ಜೊತೆ ಒಳಗೆ ಬಂದ ಆಮ್ಲಜನಕದಲ್ಲೂ ಸ್ವಲ್ಪ ಭಾಗವನ್ನು ಅದೇ ಬಳಸಿಕೊಳ್ಳುತ್ತದೆ. ಹಾಗಂತ ಉದಾಸೀನ ಮಾಡುವ ಹಾಗಿಲ್ಲ. ಪ್ಯೂರಿ ತುಂಬುವ ಪಾತ್ರೆಯಿಂದ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಹೊರಹಾಕಿ, ಆಮೇಲೇ ಟ್ಯಾಂಕ್‌ಗೆ ಒತ್ತುತ್ತೇವೆ. ರಾಸ್ಪ್‌ಬೆರಿ ಬಿಯರ್‌ನ ಚೆಂದದ ಕೆಂಪು ಬಣ್ಣ ಕಂದಾಗುವುದಕ್ಕೆ ಈ ಆಮ್ಲಜನಕವೇ ಮುಖ್ಯ ಕಾರಣ.

ಅಳತೆ ಹಣ್ಣಿಗೆ ತಕ್ಕ ಹಾಗೆ. ರಾಸ್ಪ್‌ಬೆರಿ, ಪ್ಯಾಷನ್‌ಫ್ರೂಟ್ ಜೋರು ಹಣ್ಣುಗಳು. ಲೀಟರಿಗೆ 60-80 ಗ್ರಾಂ ಹಾಕಿದರೂ ಎದ್ದು ಕಾಣುತ್ತವೆ. ಮಾವು, ಪೀಚ್ ಮೆತ್ತಗಿನವು. 100 ಗ್ರಾಂಗಿಂತ ಕಡಿಮೆ ಹಾಕಿದರೆ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತವೆ. ಹೆಚ್ಚಾಗಿ ನಾವು ಬಳಸುವುದು ಪಾಶ್ಚರೀಕರಿಸಿ ಮೊಹರು ಮಾಡಿದ ಪ್ಯೂರಿ. ತಾಜಾ ಹಣ್ಣು ಸಿಕ್ಕಾಗ ಮೊದಲು ಫ್ರೀಜ್ ಮಾಡಿ ಕರಗಿಸುತ್ತೇವೆ. ಮಂಜುಗಡ್ಡೆ ಹಣ್ಣಿನ ಕೋಶಗಳನ್ನು ಒಡೆಯುವುದರಿಂದ ರಸ ಸುಲಭವಾಗಿ ಬಿಡುತ್ತದೆ. ಆದರೆ ಫ್ರೀಜ್ ಮಾಡಿದರೆ ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ ಎಂದು ನಂಬಬೇಡಿ. ಅದಕ್ಕೆ ಸುಮಾರು 70 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಲೇಬೇಕು. ಪೆಕ್ಟಿನ್ ಒಡೆಯಲು ಪೆಕ್ಟಿನೇಸ್ ಎಂಬ ಎಂಜೈಮ್ ಇದೆ, ಅದನ್ನು ಹಣ್ಣು ತಣ್ಣಗಾದ ಮೇಲೆ ಸೇರಿಸಬೇಕು.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ಓದಿ. ಇದು ರುಚಿಯ ವಿಷಯ ಅಲ್ಲ, ಜೀವದ ವಿಷಯ. ಮಾವಿನ ಪ್ಯೂರಿಯಲ್ಲಿ ಸುಮಾರು ಶೇ 14ರಷ್ಟು ಸಕ್ಕರೆ ಇದೆ ಅಂದುಕೊಳ್ಳಿ. ಲೀಟರಿಗೆ 100 ಗ್ರಾಂ ಹಾಕಿದರೆ 14 ಗ್ರಾಂ ಸಕ್ಕರೆ ಹೋದ ಹಾಗಾಯಿತು. ಯೀಸ್ಟ್ ಅದನ್ನು ತಿಂದು ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ 7 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕುಡಿಯುವ ಬಿಯರ್‌ನಲ್ಲಿ ಮಾಮೂಲಿಯಾಗಿ ಇರುವುದೇ ಲೀಟರಿಗೆ 5 ಗ್ರಾಂ. ಹಣ್ಣು ಹಾಕಿ, ಹುದುಗು ಮುಗಿಯುವ ಮುಂಚೆಯೇ ಕ್ಯಾನ್‌ಗೋ ಬಾಟಲಿಗೋ ತುಂಬಿದರೆ ಒಳಗೆ 12 ಗ್ರಾಂ ಆಗುತ್ತದೆ. ಸಾಮಾನ್ಯ ಬಾಟಲಿ ಅದನ್ನು ತಡೆಯುವುದಿಲ್ಲ, ಸಿಡಿಯುತ್ತದೆ. ಫ್ರಿಜ್‌ನಲ್ಲಿ ಇಡ್ತೀವಲ್ಲ, ಏನೂ ಆಗಲ್ಲ ಅನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಕೊಂಡವರು ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ? ಅದಕ್ಕೇ ಹಣ್ಣು ಹಾಕಿದ ಮೇಲೆ ಗ್ರಾವಿಟಿ ಮೂರು ದಿನ ಒಂದೇ ಕಡೆ ನಿಂತರೆ ಮಾತ್ರ ನಾವು ಮುಂದಕ್ಕೆ ಹೋಗುತ್ತೇವೆ. ಸಿಹಿ ಉಳಿಯಲೇಬೇಕು ಅಂದರೆ ಎರಡು ದಾರಿ ಇವೆ. ಒಂದು, ತುಂಬಿದ ಮೇಲೆ ಪಾಶ್ಚರೀಕರಿಸುವುದು. ಇನ್ನೊಂದು, ಬಿಯರ್ ಯೀಸ್ಟ್ ತಿನ್ನಲಾಗದ ಲ್ಯಾಕ್ಟೋಸ್ ಹಾಕುವುದು. ಲ್ಯಾಕ್ಟೋಸ್ ಹಾಲಿನ ಸಕ್ಕರೆ, ಆದ್ದರಿಂದ ಲೇಬಲ್ ಮೇಲೆ ಅದನ್ನು ಬರೆಯಲೇಬೇಕು.

ಮಸಾಲೆಯ ವಿಷಯದಲ್ಲಿ ದಾರಿ ತೋರಿಸಿದವರು ಬೆಲ್ಜಿಯಂನವರು. ಬವೇರಿಯಾದಲ್ಲಿ 1516ರ ಕಾನೂನು ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದಿತು. ಬೆಲ್ಜಿಯಂನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರ್ ಉಳಿದುಬಂತು. 20ನೇ ಶತಮಾನದ ನಡುವೆ ಅದೂ ನಿಂತುಹೋಗುವ ಹಾಗಾದಾಗ ಹೋಗಾರ್ಡನ್ ಊರಿನ ಪಿಯೆರ್ ಸೆಲಿಸ್ 1960ರ ದಶಕದಲ್ಲಿ ಮತ್ತೆ ಶುರು ಮಾಡಿದರು. ಇವತ್ತು ಮಸಾಲೆ ಬಿಯರ್ ಮಾಡುವ ನಮ್ಮಂಥವರೆಲ್ಲ ಅವರಿಗೆ ಋಣಿಗಳು. ಕೊತ್ತಂಬರಿ ಬೀಜ ಕುದಿಯನ್ನು ತಡೆದುಕೊಳ್ಳುತ್ತದೆ, ಆದರೆ ಕೊನೆಯ ಐದು ನಿಮಿಷ ಮಾತ್ರ. ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಸಾಕು, ಆಗಷ್ಟೇ ಜಜ್ಜಿರಬೇಕು.

ವೆನಿಲ್ಲಾ, ಏಲಕ್ಕಿ, ಮೆಣಸಿನಕಾಯಿಗೆ ನನ್ನ ದಾರಿ ಬೇರೆ. ಅವನ್ನು ವೋಡ್ಕಾದಲ್ಲಿ ನೆನೆಸಿ ಸಾರ ತೆಗೆಯುತ್ತೇನೆ. ಖಾರದ ಅಂಶ ನೀರಿಗಿಂತ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಆಮೇಲೆ 100 ಎಂಎಲ್ ಬಿಯರ್‌ನ ಕೆಲವು ಗ್ಲಾಸ್‌ಗಳಿಗೆ ಬೇರೆ ಬೇರೆ ಅಳತೆಯಲ್ಲಿ ಪಿಪೆಟ್‌ನಿಂದ ಹಾಕಿ, ಯಾವುದರಲ್ಲಿ ಎಷ್ಟಿದೆ ಎಂದು ಹೇಳದೆ ಎಲ್ಲರಿಗೂ ಕೊಡುತ್ತೇವೆ. 0.4 ಎಂಎಲ್ ಹಾಕಿದ ಗ್ಲಾಸ್ ಗೆದ್ದರೆ 500 ಲೀಟರಿಗೆ 2 ಲೀಟರ್ ಸಾರ. ಟ್ಯಾಂಕ್‌ಗೆ ಮಾತ್ರ ಅದಕ್ಕಿಂತ ಸ್ವಲ್ಪ ಕಡಿಮೆ ಹಾಕಿ, ರುಚಿ ನೋಡಿ, ಉಳಿದದ್ದನ್ನು ಸೇರಿಸುತ್ತೇನೆ. ಹಾಕಿದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲವಲ್ಲ.

ಕಾಫಿಗೆ ಪುಡಿ ಬೇಡ, ಇಡೀ ಬೀಜ ಸಾಕು. ಲೀಟರಿಗೆ 8 ಗ್ರಾಂ ಆಸುಪಾಸು, ತಣ್ಣಗಿನ ಸ್ಟೌಟ್‌ನಲ್ಲಿ (ಹುರಿದ ಧಾನ್ಯದಿಂದ ಮಾಡುವ ಕಪ್ಪು ಬಿಯರ್) ಒಂದು ದಿನ. ಕಹಿ ಅಷ್ಟಾಗಿ ಬಿಡುವುದಿಲ್ಲ, ಪರಿಮಳ ಪೂರ್ತಿ ಬರುತ್ತದೆ. ಆದರೆ ಕಾಫಿ ಬಿಯರ್ ಬಹಳ ದಿನ ಕೂತರೆ ಹಸಿ ದೊಣ್ಣೆಮೆಣಸಿನಕಾಯಿಯಂಥ ವಾಸನೆ ಬರಬಹುದು. ಅದಕ್ಕೇ ಅದನ್ನು ಯಾವಾಗಲೂ ಚಿಕ್ಕ ಪ್ರಮಾಣದಲ್ಲೇ ಮಾಡುತ್ತೇವೆ.

ಕೊನೆಗೆ ತೊಳೆಯುವ ಕೆಲಸ. ಸ್ಟೀಲ್ ಟ್ಯಾಂಕ್ ತೊಳೆದರೆ ಹೊಸದರ ಹಾಗಾಗುತ್ತದೆ, ರಬ್ಬರ್ ಗ್ಯಾಸ್ಕೆಟ್ ಆಗುವುದಿಲ್ಲ. ಶುಂಠಿ, ಖಾರ, ಕಾಫಿಯ ವಾಸನೆಯನ್ನು ಅದು ಹಿಡಿದಿಟ್ಟುಕೊಂಡು ಮುಂದಿನ ಬಿಯರ್‌ಗೆ ಬಿಡುತ್ತದೆ. ಇಂಥ ಬಿಯರ್‌ಗಳಿಗೆ ನಾವು ಬೇರೆ ಗ್ಯಾಸ್ಕೆಟ್, ಬೇರೆ ಹೋಸ್ ಇಟ್ಟಿದ್ದೇವೆ, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿದ್ದೇವೆ. ಬ್ರೂ ಮಾಡುವ ಸರದಿಯೂ ಹಾಗೇ. ಮೊದಲು ಸಾದಾ ಬಿಯರ್, ಆಮೇಲೆ ಹಣ್ಣಿನದು, ಎಲ್ಲಕ್ಕಿಂತ ಕೊನೆಗೆ ಮೆಣಸಿನಕಾಯಿಯದು.