ಪಿಸಿಆರ್ ಟೆಸ್ಟ್‌ನ 72 ಗಂಟೆ ಎಣಿಸುವ ಬಗೆ
ಕೋವಿಡ್ ಕಾಲದಲ್ಲಿ ಹಲವು ದೇಶಗಳು ಪ್ರಯಾಣಿಕರಿಂದ 72 ಗಂಟೆಗಿಂತ ಹಳೆಯದಲ್ಲದ ನೆಗೆಟಿವ್ ಪಿಸಿಆರ್ (ಕೊರೊನಾ ಪರೀಕ್ಷೆ) ರಿಪೋರ್ಟ್ ಕೇಳುತ್ತಿದ್ದವು; ಈಗ ಬಹುತೇಕ ಕಡೆ ಆ ನಿಯಮವಿಲ್ಲ. ಎಲ್ಲಾದರೂ ಕೇಳಿದರೆ, ಎಕ್ಸ್‌ಚೇಂಜ್‌ಗೆ (ವಿದ್ಯಾರ್ಥಿ ವಿನಿಮಯಕ್ಕೆ ವಿದೇಶಕ್ಕೆ) ಹೊರಟವರು 72 ಗಂಟೆಯನ್ನು ರಿಪೋರ್ಟ್ ಕೈಗೆ ಬಂದಾಗಿನಿಂದ ಎಣಿಸಬೇಡಿ, ಸ್ವ್ಯಾಬ್ ತೆಗೆದಾಗಿನಿಂದ ಎಣಿಸಿ. ಚೆಕ್-ಇನ್ ಕೌಂಟರಿನಲ್ಲಿ ಹೆಚ್ಚಾಗಿ ನೋಡುವುದು ಸ್ಯಾಂಪಲ್ ತೆಗೆದ ದಿನಾಂಕ, ಸಮಯವನ್ನೇ. ಗಡಿಯಾರ ನಿಲ್ಲುವುದು ಎಲ್ಲಿ ಎಂಬುದೂ ಮುಖ್ಯ: ಕೆಲವು ದೇಶಗಳು ವಿಮಾನ ಹೊರಡುವ ಹೊತ್ತಿನವರೆಗೆ ಎಣಿಸುತ್ತಿದ್ದವು, ಕೆಲವು ತಮ್ಮಲ್ಲಿ ಇಳಿಯುವ ಹೊತ್ತಿನವರೆಗೆ. ಎರಡನೆಯದಾದರೆ ನಡುವೆ ವಿಮಾನ ಬದಲಿಸಲು ಕಾಯುವ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಹೊರಡುವ 48 ಗಂಟೆ ಮೊದಲು ಸ್ವ್ಯಾಬ್ ಕೊಡಿ; ಲ್ಯಾಬ್ 24 ಗಂಟೆ ತೆಗೆದುಕೊಂಡರೂ ಹೆಸರು, ಪಾಸ್‌ಪೋರ್ಟ್ ನಂಬರ್ ತಪ್ಪಿದ್ದರೆ ತಿದ್ದಿಸಲು ಒಂದು ದಿನ ಉಳಿಯುತ್ತದೆ. ಇತ್ತೀಚೆಗಷ್ಟೇ ಸೋಂಕಿನಿಂದ ಗುಣವಾದವರಿಗೆ ಈ ಲೆಕ್ಕ ಕೆಲಸಕ್ಕೆ ಬಾರದು, ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು. ಅಂಥವರು ಚೇತರಿಕೆ ಪ್ರಮಾಣಪತ್ರವನ್ನು ಆ ದೇಶ ಒಪ್ಪುತ್ತದೆಯೇ ಎಂದು ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ.